ಹೊಟ್ಟೆ ಮೇಲಿನ ಚೀಲ ಊರಿಗೆ ಬಂದಾಗ

ಕರುಳಿನ ಆಪರೇಷನ್ ಆಗಿ, ಮಲ ಹೋಗೋಕೆ ಹೊಟ್ಟೆ ಮೇಲೇ ದಾರಿ ಮಾಡಿ ಕಳಿಸಿದ್ದಾರೆ. ಅದೇ ಸ್ಟೋಮಾ; ಮಲ ತುಂಬೋಕೆ ಅದರ ಮೇಲೊಂದು ಚೀಲ. ಆಸ್ಪತ್ರೆಯಲ್ಲಿ ಚೀಲ ಬದಲಿಸೋಕೆ ನರ್ಸ್ ಇದ್ದರು. ಊರಲ್ಲಿ? ಚೀಲ ಸೋರುತ್ತೆ ಅಂತ ಎಷ್ಟೋ ಜನ ಹೊಟ್ಟೆತುಂಬ ಉಣ್ಣೋದನ್ನೇ ಬಿಡ್ತಾರೆ, ಮದುವೆ ಮನೆಗೂ ಹೋಗಲ್ಲ.

ಸೋರಿದಾಗ ಮೊದಲು ನೋಡಬೇಕಾದ್ದು, ಚೀಲವನ್ನ ಹೊಟ್ಟೆಗೆ ಅಂಟಿಸೋ ಬಿಲ್ಲೆಯ ತೂತು. ಅದು ಸ್ಟೋಮಾಗಿಂತ 2–3 ಮಿಲಿಮೀಟರ್ ಅಷ್ಟೇ ದೊಡ್ಡದಿರಬೇಕು. ಆಪರೇಷನ್ ಆದ 6–8 ವಾರ ಊತ ಇಳೀತಾ ಸ್ಟೋಮಾ ಚಿಕ್ಕದಾಗುತ್ತೆ. ಹಳೇ ಅಳತೆಗೇ ಕತ್ತರಿಸಿದರೆ ಸುತ್ತಲ ಚರ್ಮಕ್ಕೆ ಮಲ ತಾಗಿ ಹುಣ್ಣು. ಹುಣ್ಣಿನ ಮೇಲೆ ಬಿಲ್ಲೆ ನಿಲ್ಲಲ್ಲ, ಮತ್ತೆ ಸೋರಿಕೆ. ಉರಿ ಅಂತ ಕೊಬ್ಬರಿ ಎಣ್ಣೆ ಹಚ್ಚಿದರಂತೂ ಮುಗೀತು! ಬರೀ ನೀರಲ್ಲಿ ತೊಳೆದು, ಮೆತ್ತಗೆ ಒತ್ತಿ ಒಣಗಿಸಿ. ಚೀಲ ಮೂರರಲ್ಲೊಂದು ಭಾಗ ತುಂಬುತ್ತಲೇ ಖಾಲಿ ಮಾಡಿ.

ಇಷ್ಟಕ್ಕೆ ಬೆಂಗಳೂರು ಬಸ್ ಹತ್ತಬೇಕಾ? ಬೇಡ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಚರ್ಮ ನೋಡಲಿ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಇ-ಸಂಜೀವನಿ ವಿಡಿಯೊ ಕರೆಯಲ್ಲಿ ಡಾಕ್ಟರಿಗೆ ತೋರಿಸಲಿ. ಅದೇ ಸುತ್ತಿನಲ್ಲಿ ಸಕ್ಕರೆ ಕಾಯಿಲೆಯವರ ಅಂಗಾಲಿನ ಗಾಯ, ಕ್ಯಾತಿಟರ್ ಹಾಕಿಸಿಕೊಂಡವರ ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿದೆಯಾ, ಅದೂ ನೋಡಬಹುದು.

ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೋಮಾ ಅಳತೆ, ಚೀಲದ ಸೈಜು, ಫೋನ್ ಎತ್ತೋ ಒಬ್ಬ ನರ್ಸ್ ನಂಬರ್ ಇರಲೇಬೇಕು. ನನ್ನ ಕೇಳಿದರೆ, ಅರ್ಧ ಪರದಾಟ ಆ ಚೀಟಿಯಲ್ಲಿ ಇವು ಇಲ್ಲದ್ದರಿಂದಲೇ. ಬರೆಸಿಕೊಳ್ಳದೆ ಆಸ್ಪತ್ರೆ ಬಿಡಬೇಡಿ.

ಇನ್ನೊಂದು. ಸ್ಟೋಮಾ ಬಾಯೊಳಗಿನ ಚರ್ಮದ ಹಾಗೆ ಕೆಂಪಗೆ, ಒದ್ದೆಯಾಗಿರಬೇಕು. ಕಡುನೇರಳೆಗೋ ಕಪ್ಪಿಗೋ ತಿರುಗಿದರೆ ಫೋಟೊ ಕಳಿಸ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.