ಇಟ್ಟ ಜೀವವನ್ನು ಹಿಂಪಡೆಯಬಹುದೇ?

‘ಮಗಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಾರೆ’ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ನಮ್ಮ ಉಸಿರು ನಮ್ಮಲ್ಲೇ ಇದ್ದರೂ ಜೀವದ ಒಂದಂಶ ಮತ್ತೊಬ್ಬರಲ್ಲಿ ನೆಲೆಸುತ್ತದೆ ಎಂಬ ಅರಿವು ಈ ಮಾತಿನಲ್ಲಿದೆ.

ವಿಯೆನ್ನಾ ನಗರದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅವರು ಇಂಥದೇ ಅರಿವನ್ನು ಮನೋವಿಶ್ಲೇಷಣೆಯ ಒಂದು ಮುಖ್ಯ ಪರಿಕಲ್ಪನೆಯಾಗಿಸಿದರು. ಮನಸ್ಸಿನ ಭಾವಶಕ್ತಿಯು ಒಬ್ಬ ವ್ಯಕ್ತಿಯಲ್ಲಿ, ವಸ್ತುವಿನಲ್ಲಿ ಅಥವಾ ಆದರ್ಶದಲ್ಲಿ ಹೋಗಿ ತಂಗುತ್ತದೆ ಎಂದರು. ಇದಕ್ಕೆ ಅವರು ಬಳಸಿದ್ದು ‘ಬೆಜೆಟ್ಸುಂಗ್’ ಎಂಬ ಜರ್ಮನ್ ಆಡುಮಾತು. ಸ್ಥಳವೊಂದನ್ನು ತುಂಬುವುದು, ವಶಪಡಿಸಿಕೊಳ್ಳುವುದು ಎಂದು ಅದರ ಅರ್ಥ. ಇಂಗ್ಲಿಷ್ ಅನುವಾದಕರಾದ ಜೇಮ್ಸ್ ಸ್ಟ್ರೇಚಿ 1922ರಲ್ಲಿ ಅದಕ್ಕೆ ಗ್ರೀಕ್ ಮೂಲದ ‘ಕೆಥೆಕ್ಸಿಸ್’ ಎಂಬ ಪದವನ್ನು ರೂಪಿಸಿದರು.

ಪ್ರೀತಿಪಾತ್ರರು ತೀರಿಕೊಂಡಾಗ ಅವರಲ್ಲಿಟ್ಟ ಶಕ್ತಿ ಏನಾಗುತ್ತದೆ? ‘ಶೋಕ ಮತ್ತು ವಿಷಣ್ಣತೆ’ ಎಂಬ 1917ರ ಪ್ರಬಂಧದಲ್ಲಿ ಫ್ರಾಯ್ಡ್ ಉತ್ತರಿಸಿದರು: ಮನಸ್ಸು ಒಂದೊಂದೇ ನೆನಪನ್ನು ಕೈಗೆತ್ತಿಕೊಂಡು, ಅಲ್ಲಿ ನೆಟ್ಟ ಶಕ್ತಿಯನ್ನು ಬಹುಕಾಲ ನೋವಿನಿಂದ ಬಿಡಿಸಿಕೊಳ್ಳುತ್ತದೆ. ಆ ಕಾರ್ಯ ಮುಗಿದ ಮೇಲೆ ಅದು ಮತ್ತೆ ಪ್ರೀತಿಸಲು ಸ್ವತಂತ್ರವಾಗುತ್ತದೆ.

ಮೂರು ವರ್ಷಗಳೊಳಗೆ ಈ ಸಿದ್ಧಾಂತ ಅವರ ಮನೆಯಲ್ಲೇ ಪರೀಕ್ಷೆಗೊಳಗಾಯಿತು. 1920ರ ಜನವರಿಯಲ್ಲಿ ಅವರ ಮಗಳು ಸೋಫಿ ಇನ್‌ಫ್ಲುಯೆಂಜಾ ಜ್ವರಕ್ಕೆ ತುತ್ತಾಗಿ ಹ್ಯಾಂಬರ್ಗ್‌ನಲ್ಲಿ ತೀರಿಕೊಂಡರು. ಆಕೆಗೆ ಆಗ 26 ವರ್ಷ; ಮೂರನೆಯ ಬಾರಿ ಗರ್ಭಿಣಿ. ಯುದ್ಧಾನಂತರದ ದಿನಗಳಾದ್ದರಿಂದ ರೈಲುಗಳಿರಲಿಲ್ಲ. ತಂದೆ ತಾಯಿಗೆ ಮಗಳ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. 1923ರಲ್ಲಿ ಸೋಫಿಯ ನಾಲ್ಕು ವರ್ಷದ ಕಿರಿಯ ಮಗನೂ ಕ್ಷಯರೋಗದಿಂದ ಅಗಲಿದನು.

ಮಗನನ್ನು ಕಳೆದುಕೊಂಡಿದ್ದ ಸ್ನೇಹಿತ ಲುಡ್ವಿಗ್ ಬಿನ್ಸ್‌ವಾಂಗರ್ ಅವರಿಗೆ ಫ್ರಾಯ್ಡ್ 1929ರಲ್ಲಿ ಪತ್ರ ಬರೆದರು. ಸೋಫಿ ಬದುಕಿದ್ದರೆ ಅಂದು 36 ತುಂಬುತ್ತಿತ್ತು. ಶೋಕದ ತೀವ್ರತೆ ತಗ್ಗಬಹುದು, ಆದರೆ ಹೋದವರಿಗೆ ಬದಲಿಯಿಲ್ಲ. ಆ ಎಡೆಯನ್ನು ಬೇರೇನು ತುಂಬಿದರೂ ಅದು ಬೇರೆಯೇ ಆಗಿರುತ್ತದೆ. ಹಾಗಿರುವುದೇ ಸರಿ, ಪ್ರೀತಿಯನ್ನು ಮುಂದುವರಿಸಲು ಅದೊಂದೇ ದಾರಿ ಎಂಬುದು ಆ ಪತ್ರದ ತಿರುಳು. ಶಕ್ತಿಯನ್ನು ಹಿಂಪಡೆಯಬಹುದೆಂದು ಬರೆದ ಲೇಖನಿಯೇ ಹೀಗೆ ಒಪ್ಪಿಕೊಂಡಿತು.

ಸಾವಿನ ಮನೆಗಳಿಗೆ ಹೋದಾಗ ನಾವು, ಬೇರೆ ಮಾತು ತೋಚದೆ, ‘ಮರೆತುಬಿಡಿ, ಇರುವ ಮಕ್ಕಳ ಮುಖ ನೋಡಿ’ ಎನ್ನುತ್ತೇವೆ. ಇರುವ ಮಕ್ಕಳನ್ನು ಪ್ರೀತಿಸಲು ಹೋದ ಮಗುವನ್ನು ಮರೆಯಲೇಬೇಕೆ? ತಾಯಿಯೊಬ್ಬಳು ವರ್ಷಗಳ ನಂತರವೂ ಆ ಹೆಸರೆತ್ತಿ ಕಣ್ಣೊರೆಸಿಕೊಂಡರೆ ಅದನ್ನು ದೌರ್ಬಲ್ಯವೆನ್ನದಿರೋಣ. ಆಕೆ ಜೀವವಿಟ್ಟಿದ್ದಳು; ಇಟ್ಟದ್ದು ಅಲ್ಲೇ ಇದೆ. ಉಪದೇಶ ಬಿಟ್ಟು, ಆ ಮಗುವಿನ ಹೆಸರನ್ನು ನಾವೂ ಒಮ್ಮೆ ಉಚ್ಚರಿಸೋಣ.