ದನವೋ ಧನವೋ?

ಪ್ರಶ್ನೆ: ವೆಬ್‌ಸೈಟುಗಳಲ್ಲಿ ನಾವು ಮನುಷ್ಯರೇ ಎಂದು ಪರೀಕ್ಷಿಸಲು ಸೊಟ್ಟ ಅಕ್ಷರ ಓದಿಸುತ್ತಿದ್ದರಲ್ಲ, ಅದರಿಂದ ಬೇರೇನಾದರೂ ಉಪಯೋಗವಿತ್ತೇ?
– ಓದುಗರು, ವಿಜಯನಗರ

ಉತ್ತರ: ಇತ್ತು, ದೊಡ್ಡ ಉಪಯೋಗವೇ ಇತ್ತು. 2007ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರು ತಂದ ‘ರೀಕ್ಯಾಪ್ಚಾ’ ಎಂಬ ಇಂಥ ಪರೀಕ್ಷೆಯಲ್ಲಿ ಎರಡು ಪದಗಳಿರುತ್ತಿದ್ದವು. ಒಂದರ ಉತ್ತರ ಕಂಪ್ಯೂಟರಿಗೆ ಗೊತ್ತು. ಇನ್ನೊಂದು, ಹಳೆಯ ಪತ್ರಿಕೆ ಪುಸ್ತಕಗಳಲ್ಲಿ ಅದಕ್ಕೆ ಓದಲಾಗದೆ ಉಳಿದದ್ದು. ಮೊದಲನೆಯದನ್ನು ಸರಿಯಾಗಿ ಬರೆದವರ ಎರಡನೆಯ ಉತ್ತರವನ್ನೂ ನಂಬಿ, ಹಲವರ ಉತ್ತರ ಹೊಂದಿದರೆ ಒಪ್ಪಿಕೊಳ್ಳುತ್ತಿದ್ದರು. ಹೀಗೆ ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಸಂಚಿಕೆಗಳು ಡಿಜಿಟಲ್ ಆದವು.

ಕನ್ನಡಕ್ಕೆ ಇಂಥ ಸಹಾಯ ಇನ್ನೂ ಹೆಚ್ಚು ಬೇಕು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಗೀಟು. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕದಲ್ಲಿ ಶಾಯಿ ಮಾಸಿದ್ದರೆ, ಕಂಪ್ಯೂಟರಿನ ಕಣ್ಣಿಗೆ ‘ಧನ’ ‘ದನ’ವಾಗುತ್ತದೆ. ಹಿಂದುಮುಂದಿನ ವಾಕ್ಯ ಓದಿ ಅದನ್ನು ತಿದ್ದುವವರು ಕನ್ನಡ ಬಲ್ಲವರೇ. ಹಳೆಯ ಪುಸ್ತಕಗಳ ಉಚಿತ ಜಾಲತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಈ ಕೆಲಸ ನಡೆಯುತ್ತಿದೆ: ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಮತ್ತೊಬ್ಬರು ಪರಿಶೀಲಿಸಿದರೆ ಹಸಿರು. ತಿದ್ದಿದವರೇ ಹಸಿರು ಬಣ್ಣ ಕೊಡುವಂತಿಲ್ಲ. ಈ ನಿಯಮ ನನಗೆ ಬಹಳ ಮೆಚ್ಚುಗೆ.

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆಯೂ ಹೀಗೆಯೇ ಜನರ ನೆರವಿನಿಂದ ಕಂಪ್ಯೂಟರಿಗೆ ಭಾಷೆ ಕಲಿಸುವಂಥದು. ಜನರಿಗೆ ಚಿತ್ರ ತೋರಿಸಿ, ಅವರವರ ಆಡುಮಾತಿನಲ್ಲೇ ಮಾತಾಡಿಸಿ, ಜಿಲ್ಲೆವಾರು ಧ್ವನಿ ಸಂಗ್ರಹಿಸುತ್ತಾರೆ.

ಬೆಂಗಳೂರಿನ ವಿಜಯನಗರದಿಂದ ಕೆಂಗೇರಿಗೆ ಮೆಟ್ರೋದಲ್ಲಿ ಹೋಗುವಷ್ಟರಲ್ಲಿ ವಿಕಿಸೋರ್ಸ್‌ನ ಒಂದು ಪುಟವನ್ನಾದರೂ ಓದಿ ತಿದ್ದಬಹುದು. ದಯವಿಟ್ಟು ನೀವೂ ಕೈಜೋಡಿಸಿ.