ಬೂದಿಗೆ ಹೆಪ್ಪು ಹಾಕಿದರೆ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ಸೀಮೆಯ ಜೋಳದ ಹೊಲಗಳಿಗೆ ಭತ್ತ ಬಂತು. ಭತ್ತದ ಬೆನ್ನಿಗೆ ಅಕ್ಕಿ ಗಿರಣಿ, ಗಿರಣಿಯ ಬೆನ್ನಿಗೆ ಬೂದಿ. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕೆ.ಜಿ. ಹೊಟ್ಟು, ಅದನ್ನು ಸುಟ್ಟರೆ 4 ಕೆ.ಜಿ.ಯಷ್ಟು ಬೂದಿ. ಈ ಸೀಮೆಯಿಂದ ಕೃಷ್ಣೆಯ ಜೊತೆಗೇ ಕೆಳಗೆ ಸಾಗಿದರೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಬೂದಿಯ ಮನೆ ಸಿಗುತ್ತದೆ: ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ. 1985ರಲ್ಲಿ ಮೊದಲ ಘಟಕ ಶುರುವಾದ ಈ ಕೇಂದ್ರದ ಸಾಮರ್ಥ್ಯ ಇಂದು 1720 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲನ್ನು ನೂರು ಕೆ.ಜಿ. ಉರಿಸಿದರೆ ಮೂವತ್ತರಿಂದ ನಲವತ್ತು ಕೆ.ಜಿ. ಬೂದಿಯೇ ಉಳಿಯುತ್ತದೆ.

ಕಲ್ಲಿದ್ದಲಿನ ಈ ಹಾರುಬೂದಿ ಸಿಮೆಂಟಿಗೆ, ಇಟ್ಟಿಗೆಗೆ ಹೋಗುವುದು ಎಲ್ಲರಿಗೂ ಗೊತ್ತು. ಅದರಿಂದ ಗಾಜು ಮಾಡಬಹುದು, ಆ ಗಾಜನ್ನು ಕಲ್ಲಿನಂತೆ ಗಟ್ಟಿ ಮಾಡಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಆ ವಸ್ತುವಿನ ಹೆಸರು ಗ್ಲಾಸ್ ಸೆರಾಮಿಕ್.

ಅದು ಹುಟ್ಟಿದ್ದು ಒಂದು ಅಚಾತುರ್ಯದಿಂದ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡೊಂದನ್ನು 600 ಡಿಗ್ರಿ ಶಾಖಕ್ಕೆಂದು ಇಟ್ಟರು. ಕುಲುಮೆ ಕೈಮೀರಿ 900 ಡಿಗ್ರಿಗೆ ಏರಿತ್ತು. ಗಾಜು ಕರಗಿ ಹರಿದಿರಬೇಕು ಎಂದುಕೊಂಡು ಬಾಗಿಲು ತೆರೆದರೆ ಒಳಗೆ ಹಾಲುಬಿಳುಪಿನ ಹಲಗೆ! ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದ ಅದು ಲೋಹದಂತೆ ಸದ್ದು ಮಾಡಿತು, ಒಡೆಯಲಿಲ್ಲ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದವರು ಕಬ್ಬಿಣದ ಕುಲುಮೆಯ ಕಿಟ್ಟದಿಂದಲೇ ಇಂಥ ಹಲಗೆಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ನೆಲಕ್ಕೆ, ಗೋಡೆಗೆ ಹಾಸಿದರು. ಕಸದಿಂದ ಗ್ಲಾಸ್ ಸೆರಾಮಿಕ್ ಮಾಡುವ ದಾರಿ ತೆರೆದದ್ದು ಹಾಗೆ.

ಮಾಡುವ ಬಗೆ ಅಡುಗೆಮನೆಯವರಿಗೆ ಬೇಗ ಅರ್ಥವಾದೀತು. ಹಾರುಬೂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಲಿಕಾ, ಕಾಲು ಭಾಗದ ಆಸುಪಾಸು ಅಲ್ಯೂಮಿನಾ ಇರುತ್ತವೆ. ಇವೆರಡೂ ಸುಲಭಕ್ಕೆ ಕರಗುವವಲ್ಲ. ಅದಕ್ಕೇ ಸುಣ್ಣದಕಲ್ಲು, ಸೋಡಾ, ಕೆಲವೊಮ್ಮೆ ಒಡೆದ ಬಾಟಲಿಯ ಗಾಜನ್ನೂ ಬೆರೆಸುತ್ತಾರೆ. 1400 ಡಿಗ್ರಿ ದಾಟಿದ ಶಾಖದಲ್ಲಿ ಎಲ್ಲವೂ ಪಾಕವಾಗುತ್ತದೆ. ಅಚ್ಚಿಗೆ ಹೊಯ್ದು ಆರಿಸಿದರೆ ಕಪ್ಪು ಗಾಜು. ಇಲ್ಲಿಗೆ ನಿಲ್ಲಿಸಿದರೆ ಅದು ಒಡೆಯುವ ಗಾಜು ಮಾತ್ರ. ಆಮೇಲಿನ ಕೆಲಸ ಹಾಲಿಗೆ ಹೆಪ್ಪು ಹಾಕಿದಂತೆ. ಪಾಕದಲ್ಲಿ ಮೊದಲೇ ಬೆರೆತ ಟೈಟಾನಿಯಂ ಅಥವಾ ಕ್ರೋಮಿಯಂ ಆಕ್ಸೈಡೇ ಹೆಪ್ಪು. ಬೂದಿಯಲ್ಲಿರುವ ಕಬ್ಬಿಣದ ಅಂಶವೂ ಈ ಕೆಲಸಕ್ಕೆ ಒದಗುತ್ತದೆ. ಗಾಜನ್ನು ಮತ್ತೆ ಕಾಯಿಸಿ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಒಳಗೆಲ್ಲ ಹರಳಿನ ಮೊಳಕೆ ಮೂಡುತ್ತದೆ. ಶಾಖ ಇನ್ನಷ್ಟು ಏರಿಸಿದರೆ ಮೊಳಕೆಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಿರುಕು ಸಲೀಸಾಗಿ ಓಡದಂತೆ ತಡೆಯುವುದು ಈ ಹೆಣಿಗೆಯೇ. ಬೂದಿಯಲ್ಲಿದ್ದ ವಿಷಲೋಹಗಳೂ ಬಹುಪಾಲು ಅದರೊಳಗೇ ಬಂದಿಯಾಗುತ್ತವೆ.

ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ತಂಪು, ಚೆಂದ. ಆದರೆ ಅದು ಸುಣ್ಣದಕಲ್ಲು. ನಿಂಬೆರಸ, ಹುಣಸೆಹುಳಿ ಬಿದ್ದರೆ ಕಲೆ ಹಿಡಿಯುತ್ತದೆ. ಸರಿಯಾಗಿ ಮಾಡಿದ ಗ್ಲಾಸ್ ಸೆರಾಮಿಕ್ ನೀರು ಹೀರುವುದಿಲ್ಲ, ಹುಳಿಗೆ ಜಗ್ಗುವುದಿಲ್ಲ.

ತೊಡಕು ಇರುವುದು ಉರುವಲಿನಲ್ಲಿ. ಅಷ್ಟು ಶಾಖ ಅಗ್ಗವಲ್ಲ; ಹಾರುಬೂದಿ ಇಟ್ಟಿಗೆಗಾದರೆ ಸುಡುವ ಕೆಲಸವೇ ಇಲ್ಲ. ಹಾಗಾಗಿ ರಾಶಿ ಬೂದಿ ಸಿಮೆಂಟಿಗೆ, ಇಟ್ಟಿಗೆಗೇ ಹೋಗಲಿ; ಒಂದು ಪಾಲಾದರೂ ಹೆಚ್ಚು ಬೆಲೆ ತರುವ ಹಲಗೆಯಾಗಲಿ ಎನ್ನುವುದು ನನ್ನ ಅಭಿಪ್ರಾಯ. 2021ರ ಡಿಸೆಂಬರ್ 31ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ಬಳಕೆಯಾಗದ ಬೂದಿಗೆ ವಿದ್ಯುತ್ ಕೇಂದ್ರಗಳು ಟನ್ನಿಗೆ 1000 ರೂಪಾಯಿ ಪರಿಹಾರ ತೆರಬೇಕು. ಆ ಹಣದ ಒಂದು ಅಂಶ ಇಂಥ ಪ್ರಯೋಗಕ್ಕೆ ಸಂದರೂ ಸಾರ್ಥಕ.

ಇದಕ್ಕೆ ಬೇಕಾದ ಅಲ್ಯೂಮಿನಾ ಶಕ್ತಿನಗರದ ಬೂದಿಯಲ್ಲಿದೆ. ಸುಣ್ಣದಕಲ್ಲು ಭೀಮಾ ತೀರದಲ್ಲಿದೆ. ನೂರಕ್ಕೆ 85ಕ್ಕೂ ಮೀರಿ ಸಿಲಿಕಾ ಇರುವ ಹೊಟ್ಟಿನ ಬೂದಿ ನಮ್ಮ ಗಿರಣಿಗಳ ಹಿತ್ತಲಲ್ಲೇ ಇದೆ. ಸೆರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನವನ್ನೇ ಒಂದು ವಿಷಯವಾಗಿ ಕಲಿಸಿದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಕಲಬುರಗಿಯಲ್ಲಿದೆ. ಈ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಒಂದು ಚೀಲ ಹೊಟ್ಟಿನ ಬೂದಿ, ಒಂದು ಚೀಲ ಹಾರುಬೂದಿ ತಂದು ಕುಲುಮೆಗೆ ಹಾಕಿ ನೋಡಲಿ.